ಹಳೆಯ ಜಿಪ್ಸಿಯೋ, ಹೊಸ ಜಿಮ್ನಿಯೋ, ಥಾರ್ ಆದರೆ ಯಾವ ಥಾರ್? ತೋಟದ ಹಾದಿಗೂ ಹೆದ್ದಾರಿಗೂ ಒಂದೇ ವಾಹನ ಬೇಕಾಗಿದೆ

ಪ್ರಶ್ನೆ – ಮೂಡಿಗೆರೆಯವ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ನಮ್ಮ ಮನೆತನದ ಕಾಫಿ ತೋಟವು ಮೂಡಿಗೆರೆ ತಾಲ್ಲೂಕಿನಲ್ಲಿದೆ. ತಿಂಗಳಿಗೆ ಎರಡು ಬಾರಿಯಾದರೂ ಕುಣಿಗಲ್, ಹಾಸನ, ಬೇಲೂರು ಮಾರ್ಗವಾಗಿ ಊರಿಗೆ ಹೋಗಿಬರುತ್ತೇನೆ. ಒಂದು ಕಡೆಗೆ ಸುಮಾರು 250 ಕಿ.ಮೀ. ಆಗುವ ಈ ಪ್ರಯಾಣದಲ್ಲಿ ಹಾಸನದವರೆಗೆ ರಾಷ್ಟ್ರೀಯ ಹೆದ್ದಾರಿ 75, ಅಲ್ಲಿಂದ ಮುಂದೆ ಊರುಗಳನ್ನೂ ತಿರುವುಗಳನ್ನೂ ದಾಟುವ ಎರಡು ಪಥದ ರಸ್ತೆ, ಕೊನೆಯ ಮೂರು ನಾಲ್ಕು ಕಿಲೋಮೀಟರು ಮಾತ್ರ ತೋಟದ ಕಚ್ಚಾ ರಸ್ತೆ. ಬೇಸಿಗೆಯಲ್ಲಿ ಆ ಕೊನೆಯ ಭಾಗಕ್ಕೆ ಯಾವ ಕಾರಾದರೂ ಸಾಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಪರಿಸ್ಥಿತಿ ಬೇರೆ: ಕೆಮ್ಮಣ್ಣಿನ ಏರು ಜಾರತೊಡಗುತ್ತದೆ, ನಡುವೆ ನೀರು ಕೊರೆದ ಆಳವಾದ ಕೊರಕಲುಗಳಿವೆ, ಒಂದು ಸಣ್ಣ ಹಳ್ಳವನ್ನು ದಾಟಬೇಕು, ಮತ್ತು ರಸ್ತೆಯ ಒಂದು ಬದಿಗೆ ಬರೆ (ಕಡಿದ ಮಣ್ಣಿನ ಗೋಡೆ), ಇನ್ನೊಂದು ಬದಿಗೆ ಚರಂಡಿ ಇರುವುದರಿಂದ ಹೆಚ್ಚು ಅಗಲದ ವಾಹನಕ್ಕೆ ಅಲ್ಲಿ ಜಾಗವಿಲ್ಲ.

ನನ್ನ ಮುಂದೆ ಮೂರು ಆಯ್ಕೆಗಳಿವೆ. ಮೊದಲನೆಯದು ಪಕ್ಕದ ತೋಟದವರು ಕೊಡಲು ಸಿದ್ಧರಿರುವ 2013ರ ಮಾರುತಿ ಜಿಪ್ಸಿ, ಬಟ್ಟೆಯ ಛಾವಣಿಯದು. ಎರಡನೆಯದು 2016ರ ಮಹೀಂದ್ರ ಥಾರ್ ಸಿಆರ್‌ಡಿಇ (ಡೀಸೆಲ್), ಹಿಂದಿನ ಆಕ್ಸಲ್‌ನಲ್ಲಿ ಲಾಕಿಂಗ್ ಡಿಫರೆನ್ಷಿಯಲ್ (ಒಂದು ಚಕ್ರ ಜಾರಿದಾಗ ಎರಡನ್ನೂ ಒಟ್ಟಿಗೆ ಬಿಗಿಯುವ ಜೋಡಣೆ) ಇರುವುದು. ಮೂರನೆಯದು ಹೊಸ ವಾಹನ, ಎಂದರೆ ಮಾರುತಿ ಜಿಮ್ನಿ ಅಥವಾ 2020ರ ನಂತರದ, ನಾಲ್ಕು ಚಕ್ರ ಚಾಲನೆಯ, ಮೂರು ಬಾಗಿಲಿನ ಥಾರ್. ಹಳೆಯದನ್ನು ಕೊಂಡರೆ ಉಳಿಯುವ ಹಣದಲ್ಲಿ ತೋಟದ ಬಹಳಷ್ಟು ಕೆಲಸಗಳಾಗುತ್ತವೆ. ಊರಿನಲ್ಲಿ ವಿಚಾರಿಸಿದರೆ ಎಲ್ಲರೂ ಜಿಪ್ಸಿಯನ್ನೇ ಹೊಗಳುತ್ತಾರೆ. ಬೆಂಗಳೂರಿನ ಸ್ನೇಹಿತರು ಹೊಸದನ್ನೇ ಕೊಳ್ಳಲು ಒತ್ತಾಯಿಸುತ್ತಾರೆ. ಬಹುತೇಕ ಪ್ರಯಾಣಗಳಲ್ಲಿ ಪತ್ನಿ ಮತ್ತು ಎಪ್ಪತ್ತು ದಾಟಿದ ತಾಯಿಯವರು ಜೊತೆಗಿರುತ್ತಾರೆ. ಬೆಂಗಳೂರಿನಲ್ಲಿ ನಮಗಿರುವುದು ಒಂದೇ ವಾಹನ ನಿಲ್ಲಿಸುವ ಜಾಗವಾದ್ದರಿಂದ ಎರಡು ವಾಹನಗಳ ಸಲಹೆ ನನಗೆ ಉಪಯೋಗಕ್ಕೆ ಬರುವುದಿಲ್ಲ. ಈ ವಾಹನಗಳನ್ನು ಎರಡೂ ಬಗೆಯ ರಸ್ತೆಗಳಲ್ಲಿ ಓಡಿಸಿ ಬಲ್ಲವರು ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 – ಘಟ್ಟದ ಹಾದಿ

ನಿಮ್ಮ ಪ್ರಶ್ನೆಯಲ್ಲಿರುವ ಅಂಕಿಗಳೇ ಅರ್ಧ ಉತ್ತರವನ್ನು ಕೊಟ್ಟಿವೆ. 250 ಕಿಲೋಮೀಟರಿನಲ್ಲಿ ಕಚ್ಚಾ ರಸ್ತೆ ಇರುವುದು ಮೂರು ನಾಲ್ಕು ಕಿಲೋಮೀಟರು ಮಾತ್ರ. ಆದರೂ ಇಂಥ ವಾಹನವನ್ನು ಆರಿಸುವಾಗ ನಮ್ಮ ಚರ್ಚೆಯೆಲ್ಲ ಆ ನಾಲ್ಕು ಕಿಲೋಮೀಟರಿನ ಬಗ್ಗೆಯೇ ನಡೆಯುತ್ತದೆ. ಹಾಗಾಗಿ ಮೊದಲು ಕಚ್ಚಾ ರಸ್ತೆಯ ವಿಷಯವನ್ನು ಮುಗಿಸಿಬಿಡೋಣ.

ತೋಟದ ಹಾದಿಯಲ್ಲಿ ನೀವು ಹೆಸರಿಸಿದ ನಾಲ್ಕೂ ವಾಹನಗಳು ಸಾಗುತ್ತವೆ. ಲ್ಯಾಡರ್ ಚಾಸಿಸ್ (ಏಣಿಯಾಕಾರದ ಉಕ್ಕಿನ ತಳಚೌಕಟ್ಟು), ಲೋ ಅನುಪಾತವಿರುವ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ, ನಿಧಾನದ ಗೇರನ್ನೂ ಕೊಡುವ ಪೆಟ್ಟಿಗೆ) ಮತ್ತು ಬೇಕಾದಾಗ ಮಾತ್ರ ಜೋಡಿಸಿಕೊಳ್ಳುವ ನಾಲ್ಕು ಚಕ್ರ ಚಾಲನೆ ಇವೆಲ್ಲಕ್ಕೂ ಸಮಾನವಾಗಿವೆ. ವ್ಯತ್ಯಾಸ ಕಾಣಿಸಿಕೊಳ್ಳುವುದು ಕೊರಕಲನ್ನು ಓರೆಯಾಗಿ ದಾಟುವಾಗ. ಮುಂದಿನ ಒಂದು ಚಕ್ರವೂ ಹಿಂದಿನ ಎದುರು ಬದಿಯ ಚಕ್ರವೂ ನೆಲದ ಹಿಡಿತ ಕಳೆದುಕೊಂಡರೆ, ಸಾಮಾನ್ಯ ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆ) ಇರುವ ಜಿಪ್ಸಿಯಲ್ಲಿ ಎಂಜಿನ್ನಿನ ಶಕ್ತಿಯೆಲ್ಲ ಗಾಳಿಯಲ್ಲಿರುವ ಆ ಎರಡು ಚಕ್ರಗಳಿಗೇ ಹರಿದುಹೋಗುತ್ತದೆ ಮತ್ತು ವಾಹನ ನಿಂತಲ್ಲಿಯೇ ನಿಲ್ಲುತ್ತದೆ. ಅದರ ಲೀಫ್ ಸ್ಪ್ರಿಂಗುಗಳು ಬಿಗಿಯಾಗಿರುವುದರಿಂದ ಚಕ್ರ ಬೇಗನೆ ಮೇಲೇಳುತ್ತದೆ. ಆದರೆ ಜಿಪ್ಸಿಯ ತೂಕ ಒಂದು ಟನ್ನಿನ ಆಸುಪಾಸಿನಲ್ಲಿರುವುದರಿಂದ ಅದು ಕೆಸರಿನಲ್ಲಿ ಹೂತುಕೊಳ್ಳುವುದು ಕಡಿಮೆ. ಹೂತುಕೊಂಡರೂ ನಾಲ್ಕು ಆಳುಗಳು ತಳ್ಳಿದರೆ ಹೊರಗೆ ಬರುತ್ತದೆ. ಸುಮಾರು 1,700 ಕಿಲೋ ತೂಗುವ ಹೊಸ ಥಾರ್ ಬಗ್ಗೆ ಹಾಗೆ ಹೇಳಲಾಗದು, ಅದಕ್ಕೆ ಟ್ರ್ಯಾಕ್ಟರನ್ನೇ ಕರೆಸಬೇಕು.

ಜಿಮ್ನಿಯಲ್ಲಿಯೂ ಮುಂದೆ ಹಿಂದೆ ಜಿಪ್ಸಿಯಂತೆಯೇ ಗಟ್ಟಿ ಆಕ್ಸಲ್‌ಗಳಿವೆ (ಎಡಬಲ ಚಕ್ರಗಳನ್ನು ಸೇರಿಸುವ ಒಂದೇ ದಂಡ), ಆದರೆ ಲೀಫ್ ಬದಲಿಗೆ ಕಾಯಿಲ್ ಸ್ಪ್ರಿಂಗುಗಳಿವೆ. ಆದ್ದರಿಂದ ಚಕ್ರಗಳು ನೆಲವನ್ನು ಹೆಚ್ಚು ಹೊತ್ತು ಬಿಡದೆ ಹಿಂಬಾಲಿಸುತ್ತವೆ. ಚಕ್ರ ಗಾಳಿಯಲ್ಲಿ ಸುತ್ತತೊಡಗಿದರೆ ಅದರ ಬ್ರೇಕನ್ನು ತಾನಾಗಿಯೇ ಹಿಡಿದು, ಹಿಡಿತವಿರುವ ಎದುರು ಬದಿಯ ಚಕ್ರಕ್ಕೆ ಶಕ್ತಿಯನ್ನು ಹೊರಳಿಸುವ ವ್ಯವಸ್ಥೆಯೂ ಇದೆ. ಇದನ್ನು ಬಳಸುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಚಕ್ರ ಸುತ್ತತೊಡಗಿದ ಮೇಲೆಯೇ ಅದು ಕೆಲಸ ಮಾಡುವುದರಿಂದ ಆಕ್ಸಿಲರೇಟರನ್ನು ಒಂದೇ ಸಮನೆ ಒತ್ತಿ ಹಿಡಿದಿರಬೇಕು. ಹೊಸಬರು ಚಕ್ರ ಸುತ್ತುವ ಸದ್ದು ಕೇಳಿ ಕಾಲು ತೆಗೆಯುತ್ತಾರೆ, ಆಮೇಲೆ ವಾಹನವನ್ನು ದೂರುತ್ತಾರೆ. 2016ರ ಥಾರ್‌ನ ಹಿಂದಿನ ಲಾಕಿಂಗ್ ಡಿಫರೆನ್ಷಿಯಲ್ ಯಾಂತ್ರಿಕವಾದದ್ದು. ಒಂದು ಚಕ್ರ ವೇಗವಾಗಿ ಸುತ್ತಿದೊಡನೆ ಎರಡನ್ನೂ ಬಿಗಿದು ಒಂದುಗೂಡಿಸುತ್ತದೆ. ಏರಿನಲ್ಲಿ ಅದರ ಉಪಕಾರ ದೊಡ್ಡದು. ಆ ಥಾರ್‌ನ 2.5 ಲೀಟರ್ ಡೀಸೆಲ್ ಎಂಜಿನ್ನಿನ 247 ನ್ಯೂಟನ್ ಮೀಟರ್ ಸೆಳೆತದ (ಟಾರ್ಕ್) ಮುಂದೆ ಜಿಪ್ಸಿಯ 103 ಅರ್ಧದಷ್ಟೂ ಆಗುವುದಿಲ್ಲ. ಆದರೂ ಭಾರ ಕಡಿಮೆ ಇರುವುದರಿಂದ ಜಿಪ್ಸಿ ಆ ಕೊರತೆಯನ್ನು ಸಾಕಷ್ಟು ಮಟ್ಟಿಗೆ ತುಂಬಿಕೊಳ್ಳುತ್ತದೆ.

ಅಗಲದ ಬಗ್ಗೆ ನೀವು ಬರೆದಿರುವುದು ಮುಖ್ಯವಾದ ವಿಷಯ. ಜಿಪ್ಸಿ 1,540 ಮಿ.ಮೀ., ಜಿಮ್ನಿ 1,645 ಮಿ.ಮೀ., ಹೊಸ ಥಾರ್ 1,820 ಮಿ.ಮೀ. ಅಗಲವಿವೆ. ಬರೆ ಮತ್ತು ಚರಂಡಿಯ ನಡುವಿನ ರಸ್ತೆಯಲ್ಲಿ ಜಿಪ್ಸಿಗೂ ಹೊಸ ಥಾರ್‌ಗೂ ಇರುವ ಈ ಒಂದು ಗೇಣಿಗೂ ಹೆಚ್ಚಿನ ವ್ಯತ್ಯಾಸ ಯಾವ ಎಲೆಕ್ಟ್ರಾನಿಕ್ ಸೌಲಭ್ಯಕ್ಕಿಂತಲೂ ದೊಡ್ಡದಾಗಬಹುದು. ರಸ್ತೆಯ ಅತ್ಯಂತ ಇಕ್ಕಟ್ಟಾದ ಜಾಗವನ್ನು ಟೇಪು ಹಿಡಿದು ಅಳೆದುಕೊಂಡು ಬಂದೇ ಶೋರೂಮಿಗೆ ಹೋಗಿ.

ಇನ್ನು ಹೆದ್ದಾರಿ. ಇಲ್ಲಿ ಹಳೆಯದಕ್ಕೂ ಹೊಸದಕ್ಕೂ ಹೋಲಿಕೆಯೇ ಇಲ್ಲವೆಂದು ನನ್ನ ಸ್ಪಷ್ಟ ಅಭಿಪ್ರಾಯ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಹೈ ಅನುಪಾತದಲ್ಲಿಯೂ ವೇಗವನ್ನು ತಗ್ಗಿಸಿಯೇ ಚಕ್ರಗಳಿಗೆ ಕಳುಹಿಸುತ್ತದೆ. ಆದ್ದರಿಂದ ಐದನೆಯ ಗೇರಿನಲ್ಲಿಯೂ ಎಂಜಿನ್ ಕಿರುಚುತ್ತಿರುತ್ತದೆ, 80ರ ನಂತರ ಪಕ್ಕದಲ್ಲಿ ಕುಳಿತವರ ಮಾತು ಕೇಳಿಸುವುದಿಲ್ಲ. ಸದ್ದನ್ನು ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಮತ್ತು ಏರ್‌ಬ್ಯಾಗ್ ಇಲ್ಲದಿರುವುದು. ಕಡಿಮೆ ಉದ್ದದ, ಎತ್ತರದ, ಲೀಫ್ ಸ್ಪ್ರಿಂಗಿನ ವಾಹನವನ್ನು ಒದ್ದೆ ರಸ್ತೆಯ ತಿರುವಿನಲ್ಲಿ ಒಮ್ಮೆಲೇ ಬ್ರೇಕ್ ಹಿಡಿದು ನಿಲ್ಲಿಸಬೇಕಾಗಿ ಬಂದರೆ ಹಿಂಭಾಗವು ಯಾವ ಕಡೆಗೆ ತಿರುಗುತ್ತದೆ ಎಂಬುದು ಚಾಲಕನ ಕೈಯಲ್ಲಿ ಉಳಿಯುವುದಿಲ್ಲ. 2016ರ ಥಾರ್‌ನಲ್ಲಿಯೂ ಇವೆರಡೂ ಇಲ್ಲ. ಸಾಲದ್ದಕ್ಕೆ ಹಿಂದಿನ ಆಸನಗಳು ಪಕ್ಕಕ್ಕೆ ಮುಖ ಮಾಡಿವೆ. ತಾಯಿಯವರನ್ನು ಅಂಥ ಆಸನದಲ್ಲಿ ಕೂರಿಸಿ ಐದು ಗಂಟೆ ಹೆದ್ದಾರಿಯಲ್ಲಿ ಹೋಗುವುದನ್ನು ನಾನಂತೂ ಯೋಚಿಸಲಾರೆ.

ಉತ್ತರ 2 – ಗ್ಯಾರೇಜಿನ ಮೇಷ್ಟ್ರು

ಮೇಲಿನ ಉತ್ತರಕ್ಕೆ ಯಂತ್ರದ ಬದಿಯಿಂದ ಕೆಲವು ಮಾತು ಸೇರಿಸುತ್ತೇನೆ. ಹಾಸನದ ಬಳಿ ಗ್ಯಾರೇಜು ನಡೆಸುವ ನನ್ನಲ್ಲಿಗೆ ತೋಟಗಳ ಜಿಪ್ಸಿ ಮತ್ತು ಜೀಪುಗಳು ನಿತ್ಯವೂ ಬರುತ್ತವೆ. 'ಹಳೆಯ ವಾಹನ' ಎಂದು ಒಟ್ಟಾಗಿ ಮಾತಾಡುವುದು ಸುಲಭ, ಆದರೆ ಒಂದೇ ವರ್ಷದ ಎರಡು ಜಿಪ್ಸಿಗಳ ನಡುವೆ ಇರುವಷ್ಟು ಅಂತರ ಕೆಲವೊಮ್ಮೆ ಜಿಪ್ಸಿಗೂ ಜಿಮ್ನಿಗೂ ಇರುವುದಿಲ್ಲ.

ಪಕ್ಕದ ತೋಟದವರ ಜಿಪ್ಸಿಯನ್ನು ನೋಡಲು ಹೋದಾಗ ಮೊದಲು ಕೆಳಗೆ ಮಲಗಿ ಚಾಸಿಸ್ ನೋಡಿ. ಹಿಂದಿನ ಸ್ಪ್ರಿಂಗನ್ನು ಹಿಡಿದಿಡುವ ಹ್ಯಾಂಗರುಗಳು ಚಾಸಿಸ್‌ಗೆ ಸೇರುವ ಜಾಗ, ಕಾಲಿಡುವ ತಗಡಿನ ತಳಭಾಗ, ಮುಂದಿನ ಗಾಜಿನ ಚೌಕಟ್ಟಿನ ಬುಡ, ಈ ಮೂರು ಕಡೆ ಮಲೆನಾಡಿನ ವಾಹನಗಳಿಗೆ ತುಕ್ಕು ಹಿಡಿಯುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ. ಆಮೇಲೆ ಡಿಫರೆನ್ಷಿಯಲ್ ಹೌಸಿಂಗಿನ ಎಣ್ಣೆಯನ್ನು ಸ್ವಲ್ಪ ಹೊರತೆಗೆಸಿ ನೋಡಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಹಳ್ಳ ದಾಟಿದಾಗ ನೀರು ಒಳಗೆ ಹೋಗಿದೆ ಎಂದರ್ಥ, ಬೇರಿಂಗುಗಳ ಆಯುಷ್ಯ ಮುಗಿಯುತ್ತ ಬಂದಿರುತ್ತದೆ. ಓಡಿಸಿ ನೋಡುವಾಗ 60ರಿಂದ 70ರ ವೇಗದಲ್ಲಿ ಒಂದು ಗುಂಡಿಯ ಮೇಲೆ ಹಾದಾಗ ಸ್ಟೀರಿಂಗು ತಾನಾಗಿಯೇ ಅದುರತೊಡಗಿದರೆ ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್ ಬೇರಿಂಗುಗಳು ಸವೆದಿರುವ ಸಾಧ್ಯತೆ ಹೆಚ್ಚು. ನಾವು ಇದನ್ನು ವಾಬ್ಲಿಂಗ್ ಎನ್ನುತ್ತೇವೆ. ಸರಿಪಡಿಸಬಹುದಾದ ತೊಂದರೆಯೇ ಹೌದು, ಆದರೆ ಸರಿಪಡಿಸದೆ ಹೆದ್ದಾರಿಗೆ ಒಯ್ಯಬಾರದು.

ಕಾಗದಪತ್ರಗಳನ್ನೂ ಅಷ್ಟೇ ಎಚ್ಚರದಿಂದ ನೋಡಿ. ತೋಟಗಳಲ್ಲಿರುವ ಬಹಳಷ್ಟು ಜಿಪ್ಸಿಗಳಿಗೆ ಬೇರೆ ಎಂಜಿನ್ ಕೂರಿಸಿರುತ್ತಾರೆ, ದೊಡ್ಡ ಟೈರು ಹಾಕಿಸಿರುತ್ತಾರೆ. ತಯಾರಕರ ಮೂಲ ವಿವರಗಳನ್ನು ಬದಲಿಸುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಡಿ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಖಾಸಗಿ ವಾಹನದ ನೋಂದಣಿಯು 15 ವರ್ಷಕ್ಕೆ ಮುಗಿಯುವುದರಿಂದ 2013ರ ಜಿಪ್ಸಿಯನ್ನು 2028ರಲ್ಲಿ ಆರ್‌ಟಿಒ ಕಚೇರಿಗೆ ಒಯ್ದು ತಪಾಸಣೆ ಮಾಡಿಸಿ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸುತ್ತ ಹೋಗಬೇಕು. ಆರ್‌ಸಿಯಲ್ಲಿರುವ ಎಂಜಿನ್ ಸಂಖ್ಯೆಯೂ ಎಂಜಿನ್ನಿನ ಮೇಲಿರುವ ಸಂಖ್ಯೆಯೂ ಹೊಂದಿಕೆಯಾಗದ ಗಾಡಿಗೆ ಅಲ್ಲಿ ದಾರಿಯಿಲ್ಲ.

ಬಿಡಿಭಾಗಗಳ ಚಿಂತೆ ಜಿಪ್ಸಿಗೆ ಬೇಡ. 1985ರ ಕೊನೆಯಿಂದ ಹೆಚ್ಚುಕಡಿಮೆ ಮೂವತ್ತಮೂರು ವರ್ಷ ಮಾರಾಟವಾದ, ಸೈನ್ಯ ಮತ್ತು ಪೊಲೀಸ್ ಇಲಾಖೆಗಳು ಅಪಾರವಾಗಿ ಬಳಸಿದ ವಾಹನವಾದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಭಾಗವೇ ಇಲ್ಲ. ಒಂದು ಹೊಸ ಸಮಸ್ಯೆ ಮಾತ್ರ ಸೇರಿಕೊಂಡಿದೆ: ಈಗ ಬಂಕುಗಳಲ್ಲಿ ಸಿಗುವುದು ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಅದಕ್ಕೆಂದು ತಯಾರಾಗದ ಹಳೆಯ ಗಾಡಿಗಳ ರಬ್ಬರ್ ಪೈಪು ಮತ್ತು ಸೀಲುಗಳು ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಕೊಂಡ ಕೂಡಲೇ ಇಂಧನದ ಪೈಪುಗಳನ್ನೆಲ್ಲ ಬದಲಿಸಿಬಿಡಿ.

ಉತ್ತರ 3 – ಸೋಮವಾರಪೇಟೆ ತೋಟ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ಸ್ವಲ್ಪ ಭಿನ್ನವಾದ ಅಭಿಪ್ರಾಯವನ್ನು ಹೇಳುತ್ತೇನೆ. ನಮ್ಮ ತೋಟದಲ್ಲಿ ಜಿಪ್ಸಿ ಇದೆ, ಅದನ್ನು ಮಾರುವ ಯೋಚನೆ ನನಗಿಲ್ಲ. ಕೊಡಚಾದ್ರಿಗೆ ಪ್ರವಾಸಿಗರನ್ನು ಒಯ್ಯುವ ಕೊಲ್ಲೂರು ಮತ್ತು ನಿಟ್ಟೂರು ಕಡೆಯ ಜೀಪುಗಳನ್ನು, ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಹೋಗುವ ಜೀಪುಗಳನ್ನು ನೋಡಿ. ಆ ಹಾದಿಗಳಲ್ಲಿ ಹೊಟ್ಟೆ ಹೊರೆಯುವವರು ಹಳೆಯ ಮಹೀಂದ್ರ ಜೀಪುಗಳನ್ನು ಬಿಟ್ಟಿಲ್ಲ. ಹಣದ ಲೆಕ್ಕ ಒಂದು ಕಾರಣ, ನಿಜ. ಆದರೆ ಗುಡ್ಡದ ಮೇಲೆ ಏನಾದರೂ ಮುರಿದರೆ ನಾಲ್ಕು ಸ್ಪ್ಯಾನರು ಮತ್ತು ಒಂದು ತಂತಿಯಿಂದ ಕೆಳಗಿಳಿಸಿ ತರಬಹುದೆಂಬ ಭರವಸೆ ಅದಕ್ಕಿಂತ ದೊಡ್ಡ ಕಾರಣ. ಹೊಸ ವಾಹನದಲ್ಲಿ ಒಂದು ಸೆನ್ಸರಿನ ತಂತಿಯನ್ನು ಇಲಿ ಕಡಿದರೂ ಫಲಕದಲ್ಲಿ ದೀಪಗಳು ಹೊತ್ತಿಕೊಳ್ಳುತ್ತವೆ. ತೋಟದ ಶೆಡ್ಡಿನಲ್ಲಿ ನಿಲ್ಲಿಸುವವರಿಗೆ ಇಲಿಯ ಮಾತು ತಮಾಷೆಯಲ್ಲ.

ಇನ್ನೊಂದು ಸಂಗತಿ. ವಾಹನ ಬಳಸುವವರು ನೀವೊಬ್ಬರೇ ಅಲ್ಲ. ನೀವು ತೋಟದಲ್ಲಿರುವಾಗ ಗೊಬ್ಬರದ ಚೀಲ, ಸ್ಪ್ರೇಯರು, ಹಣ್ಣು ತುಂಬಿದ ಚೀಲಗಳನ್ನು ತೋಟದ ಲೆಕ್ಕ ನೋಡುವ ರೈಟರೋ ಆಳುಗಳೋ ಅದರಲ್ಲಿಯೇ ಹೇರುತ್ತಾರೆ. ಜಿಪ್ಸಿಯ ಹಿಂಭಾಗವನ್ನು ಪೈಪು ಹಿಡಿದು ತೊಳೆದರೆ ಮುಗಿಯಿತು. ಜಿಮ್ನಿಯ ಹಿಂದಿನ ಆಸನವನ್ನು ಎತ್ತಿರಿಸಿದಾಗ ಉಳಿಯುವ ಜಾಗದಲ್ಲಿ ನಿಮ್ಮ ಮೂವರ ಬಟ್ಟೆಯ ಚೀಲಗಳೇ ಕಷ್ಟದಿಂದ ಹಿಡಿಯುತ್ತವೆ.

ಹೆದ್ದಾರಿಯಲ್ಲಿ 70ರ ವೇಗವನ್ನು ಮೀರದೆ, ಕತ್ತಲಾಗುವ ಮೊದಲೇ ಊರು ಸೇರುವ ಶಿಸ್ತನ್ನು ಇಟ್ಟುಕೊಂಡವರಿಗೆ ಜಿಪ್ಸಿಯಿಂದ ತೊಂದರೆಯಾಗುವುದಿಲ್ಲವೆಂದು ನನ್ನ ನಂಬಿಕೆ.

ಉತ್ತರ 4 – ಘಟ್ಟದ ಹಾದಿ

ಸೋಮವಾರಪೇಟೆಯ ಮಿತ್ರರು ಹೇಳಿದ್ದರಲ್ಲಿ ತೋಟದೊಳಗಿನ ಬಳಕೆಯ ಮಾತೆಲ್ಲವನ್ನೂ ಒಪ್ಪುತ್ತೇನೆ. ಕೊಡಚಾದ್ರಿಯ ಉದಾಹರಣೆ ಮಾತ್ರ ಈ ಪ್ರಶ್ನೆಗೆ ಹೊಂದುವುದಿಲ್ಲ. ಆ ಜೀಪುಗಳು ಬೆಟ್ಟ ಹತ್ತಿ ಇಳಿಯುತ್ತವೆಯೇ ಹೊರತು ಕುಣಿಗಲ್ ಬೈಪಾಸಿನಲ್ಲಿ ಲಾರಿಗಳ ನಡುವೆ ಓಡುವುದಿಲ್ಲ. ನಾವು 70ರಲ್ಲಿ ಹೋಗಬಹುದು, ಹಿಂದಿನಿಂದ ಬರುವ ಬಸ್ಸು 70ರಲ್ಲಿ ಬರುವುದಿಲ್ಲ. ಅಪಘಾತವು ನಮ್ಮ ಶಿಸ್ತನ್ನೊಂದನ್ನೇ ಅವಲಂಬಿಸಿದ್ದರೆ ಏರ್‌ಬ್ಯಾಗಿನ ಅಗತ್ಯವೇ ಇರುತ್ತಿರಲಿಲ್ಲ.

ಪ್ರಶ್ನಿಸಿದವರಿಂದ – ಮೂಡಿಗೆರೆಯವ

ಎಲ್ಲರಿಗೂ ಧನ್ಯವಾದಗಳು. ಜಿಪ್ಸಿಯನ್ನು ಈ ವಾರಾಂತ್ಯದಲ್ಲಿ ಮೇಷ್ಟ್ರು ಹೇಳಿದ ಕ್ರಮದಲ್ಲಿಯೇ ಪರೀಕ್ಷಿಸಿದೆ. ಎಣ್ಣೆ ಸ್ವಚ್ಛವಾಗಿದೆ, ಎಂಜಿನ್ ಮೂಲದ್ದೇ, ಆದರೆ ಹಿಂದಿನ ಹ್ಯಾಂಗರಿನ ಬಳಿ ತುಕ್ಕು ಆಳವಾಗಿದೆ. ತಾಯಿಯವರನ್ನು ಹಿಂದೆ ಕೂರಿಸುವ ವಿಷಯದಲ್ಲಿ ಬಂದ ಎಚ್ಚರಿಕೆಯ ಮಾತಿನಿಂದ ಮನಸ್ಸು ಹೊಸ ವಾಹನದ ಕಡೆಗೆ ಹೊರಳಿದೆ. ರಸ್ತೆಯ ಇಕ್ಕಟ್ಟಾದ ಜಾಗದ ಅಳತೆ ಏಳೂವರೆ ಅಡಿ ಬಂದಿದೆ. ಈಗ ಉಳಿದಿರುವ ಪ್ರಶ್ನೆ ಜಿಮ್ನಿಯೋ ಥಾರ್ ಡೀಸೆಲ್ಲೋ ಎಂಬುದು. ಹೆದ್ದಾರಿಯ ದೂರವನ್ನು ನೋಡಿದರೆ ಡೀಸೆಲ್ ಮಿತವ್ಯಯವಾಗಬಹುದೆಂದು ಅನ್ನಿಸುತ್ತದೆ. ಜೊತೆಗೆ ಮಳೆಗಾಲಕ್ಕೆ ಮಡ್ ಟೆರೇನ್ (ಕೆಸರಿಗೆಂದೇ ಮಾಡಿದ) ಟೈರುಗಳನ್ನು ಹಾಕಿಸಬೇಕೇ ಎಂಬುದನ್ನೂ ತಿಳಿಸಿ.

ಉತ್ತರ 5 – ಗ್ಯಾರೇಜಿನ ಮೇಷ್ಟ್ರು

ಏಳೂವರೆ ಅಡಿಯೆಂದರೆ ಸುಮಾರು 2,285 ಮಿ.ಮೀ. ಆಗುತ್ತದೆ. ಹೊಸ ಥಾರ್‌ಗೆ ಎರಡೂ ಬದಿಗೆ ಒಂಬತ್ತು ಅಂಗುಲದಷ್ಟು ಉಳಿಯುತ್ತದೆ, ಕನ್ನಡಿಗಳನ್ನು ಮಡಚಿಕೊಂಡರೆ ಮಾತ್ರ. ಬೇಸಿಗೆಯಲ್ಲಿ ಸಾಕು. ಮಳೆಗಾಲದಲ್ಲಿ ವಾಹನ ಚರಂಡಿಯ ಕಡೆಗೆ ಒಂದಡಿ ಜಾರಿದರೂ ಚಕ್ರ ಕೆಳಗಿರುತ್ತದೆ. ಜಿಮ್ನಿಗೆ ಹನ್ನೆರಡು ಅಂಗುಲಕ್ಕೂ ಹೆಚ್ಚು ಉಳಿಯುತ್ತದೆ.

ಡೀಸೆಲ್ ವಿಷಯದಲ್ಲಿ ನಿಮ್ಮ ಬಳಕೆ ಅಡ್ಡಿಯಲ್ಲ. ಬಿಎಸ್6 (ಈಗಿನ ಹೊಗೆ ನಿಯಂತ್ರಣದ ಮಾನದಂಡ) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವಿರುತ್ತದೆ. ಅದು ತುಂಬಿದಾಗ ಮಸಿಯನ್ನು ಸುಟ್ಟುಹಾಕಲು ಎಂಜಿನ್ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಬಿಸಿಯಾಗಿ ಓಡಬೇಕು. ತೋಟದೊಳಗೇ ಮೊದಲ ಎರಡನೆಯ ಗೇರಿನಲ್ಲಿ ಸುತ್ತುವ ಗಾಡಿಗಳು ಈ ಶೋಧಕ ಮಸಿಯಿಂದ ಮುಚ್ಚಿಹೋಗಿ ನಮ್ಮಲ್ಲಿಗೆ ಬರುತ್ತವೆ. ತಿಂಗಳಿಗೆ ಎರಡು ಸಲ ಹಾಸನದ ಹೆದ್ದಾರಿ ಕಾಣುವ ನಿಮ್ಮ ಗಾಡಿಗೆ ಆ ಭಯವಿಲ್ಲ. ಹಾಗಾಗಿ ಓಡಿಸುವ ಸುಖವನ್ನಷ್ಟೇ ನೋಡಿದರೆ, 130 ಅಶ್ವಶಕ್ತಿಯ ಎಂಜಿನ್ ಮತ್ತು ಆರು ಗೇರುಗಳಿರುವ ಥಾರ್ ಡೀಸೆಲ್ ಹೆದ್ದಾರಿಯಲ್ಲಿ ಜಿಮ್ನಿಗಿಂತ ಬಹಳ ಮುಂದಿದೆ. ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಐದೇ ಗೇರುಗಳಿರುವುದರಿಂದ ಲಾರಿಯನ್ನು ಹಿಂದೆ ಹಾಕಲು ಗೇರು ಇಳಿಸಿಯೇ ಹೋಗಬೇಕು. ಅದರ ಸ್ಟೀರಿಂಗೂ ನೇರ ರಸ್ತೆಯಲ್ಲಿ ಸ್ವಲ್ಪ ಸಡಿಲವೆನ್ನಿಸುತ್ತದೆ. ಅದು ದೋಷವಲ್ಲ, ಗಟ್ಟಿ ಆಕ್ಸಲ್ಲಿನ ಗಾಡಿಗಳ ಸ್ಟೀರಿಂಗ್ ಪೆಟ್ಟಿಗೆಯ ಸ್ವಭಾವ.

ಆದರೂ ನಿಮ್ಮ ಮನೆಯ ಪರಿಸ್ಥಿತಿಗೆ ನಾನು ಜಿಮ್ನಿಯನ್ನೇ ಹೇಳುತ್ತೇನೆ. ಮೂರು ಬಾಗಿಲಿನ ಥಾರ್‌ನ ಹಿಂದಿನ ಆಸನಕ್ಕೆ ಹೋಗಬೇಕಾದರೆ ಮುಂದಿನ ಆಸನವನ್ನು ಮಡಚಿ, ಎತ್ತರದ ಮೆಟ್ಟಿಲಿನ ಮೇಲೆ ಕಾಲಿಟ್ಟು, ಬಗ್ಗಿ ನುಸುಳಬೇಕು. ಎಪ್ಪತ್ತು ದಾಟಿದವರಿಗೆ ಚನ್ನರಾಯಪಟ್ಟಣದ ಹೋಟೆಲಿನ ಮುಂದೆ ಪ್ರತಿ ಸಲ ಇದನ್ನು ಮಾಡುವುದು ಕಷ್ಟ. ಐದು ಬಾಗಿಲಿನ ಥಾರ್ ರಾಕ್ಸ್ 2024ರಲ್ಲಿ ಬಂದಿದೆ, ಭಾರತ್ ಎನ್‌ಕ್ಯಾಪ್ ಎಂಬ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ ಐದು ನಕ್ಷತ್ರಗಳನ್ನೂ ಪಡೆದಿದೆ. ಆದರೆ ಅದರ ಉದ್ದ ಮತ್ತು ಅಗಲ ಇನ್ನೂ ಹೆಚ್ಚು, ನಿಮ್ಮ ಬರೆ-ಚರಂಡಿಗಳ ನಡುವೆ ಅದಕ್ಕೆ ಕೆಲಸವಿಲ್ಲ. ಸುರಕ್ಷತೆಯ ಅಂಕಗಳನ್ನೇ ಮುಂದಿಟ್ಟರೆ ಮೂರು ಬಾಗಿಲಿನ ಥಾರ್‌ಗೆ 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಾಲ್ಕು ನಕ್ಷತ್ರ ಕೊಟ್ಟಿದೆ, ಯುರೋಪಿನಲ್ಲಿ 2018ರಲ್ಲಿ ಪರೀಕ್ಷಿಸಿದ ಮೂರು ಬಾಗಿಲಿನ ಜಿಮ್ನಿಗೆ ಮೂರು ಸಿಕ್ಕಿವೆ. ಪರೀಕ್ಷೆಯ ನಿಯಮಗಳೇ ಬೇರೆಯಾದ್ದರಿಂದ ಇವೆರಡನ್ನು ನೇರವಾಗಿ ತೂಗಬೇಡಿ. ನಮ್ಮಲ್ಲಿ ಮಾರುವ ಜಿಮ್ನಿಗೆ ಆರು ಏರ್‌ಬ್ಯಾಗು, ಎಬಿಎಸ್ ಮತ್ತು ಇಎಸ್‌ಪಿ (ತಿರುವಿನಲ್ಲಿ ಗಾಡಿ ಅಡ್ಡ ಜಾರದಂತೆ ತಡೆಯುವ ವ್ಯವಸ್ಥೆ) ಎಲ್ಲ ಮಾದರಿಗಳಲ್ಲಿಯೂ ಬರುತ್ತವೆ.

ಮಡ್ ಟೆರೇನ್ ಟೈರು ಬೇಡ. ಅದರ ದೊಡ್ಡ ಗುಬ್ಬಿಗಳು ಕೆಸರಿನಲ್ಲಿ ಚೆನ್ನಾಗಿ ಕಚ್ಚುತ್ತವೆ, ಆದರೆ ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿದಾಗ ನಿಲ್ಲುವ ದೂರ ಹೆಚ್ಚುತ್ತದೆ, ಮತ್ತು ನೀವು ಓಡಿಸುವುದು ಬಹುಪಾಲು ಡಾಂಬರಿನಲ್ಲಿಯೇ. ಕಂಪನಿಯ ಅಳತೆಯಲ್ಲಿಯೇ, ಎಂದರೆ 195/80 ಆರ್15ರಲ್ಲಿ, ಆಲ್ ಟೆರೇನ್ (ಡಾಂಬರಿಗೂ ಕಚ್ಚಾ ರಸ್ತೆಗೂ ಹೊಂದುವ) ಟೈರು ಹಾಕಿಸಿ. ತೋಟದ ಗೇಟಿನ ಬಳಿ ನಿಲ್ಲಿಸಿ ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿಕೊಂಡು, 4ಎಲ್ (ನಾಲ್ಕು ಚಕ್ರ, ಲೋ ಅನುಪಾತ) ಹಾಕಿ ಎರಡನೆಯ ಗೇರಿನಲ್ಲಿ ಏರು ಹತ್ತಿ. ಇಳಿಯುವಾಗ ಮೊದಲನೆಯ ಗೇರಿನಲ್ಲಿ ಬಿಟ್ಟು ಕ್ಲಚ್ಚಿನಿಂದ ಕಾಲು ತೆಗೆದಿಡಿ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರೊಂದನ್ನು ಗಾಡಿಯಲ್ಲಿಯೇ ಇಟ್ಟುಕೊಂಡು, ಡಾಂಬರು ಹತ್ತುವ ಮೊದಲು ಗಾಳಿಯನ್ನು ಮತ್ತೆ ತುಂಬಿಸಿ, 2ಎಚ್‌ಗೆ (ಎರಡು ಚಕ್ರ, ಹೈ ಅನುಪಾತ) ಬದಲಿಸಿಕೊಳ್ಳಿ. ಹಿಡಿತವಿರುವ ರಸ್ತೆಯಲ್ಲಿ ನಾಲ್ಕು ಚಕ್ರ ಚಾಲನೆಯಲ್ಲಿಯೇ ತಿರುವು ತೆಗೆದುಕೊಂಡರೆ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು ಬೀಳುತ್ತದೆ. ಈ ಮಾತು ಜಿಪ್ಸಿಗೂ ಜಿಮ್ನಿಗೂ ಎರಡೂ ಥಾರ್‌ಗಳಿಗೂ ಒಂದೇ.